ಬಿಲ್ಲೆಯಾಗಿ ಕೊಯ್ದು, ಪದರವಾಗಿ ಕೂಡಿ: ಘನಫಲ ಮತ್ತು ಮೇಲ್ಮೈ ಅಳತೆಯ ದೀರ್ಘ ಚರಿತ್ರೆ

ಕೆರೆ ತೋಡಿದವರಿಗೆ ಕೂಲಿ ಕೊಡಬೇಕಾದರೆ ಎಷ್ಟು ಮಣ್ಣು ಎತ್ತಿದರೆಂದು ತಿಳಿಯಬೇಕು. ಕಣದ ರಾಶಿಯಲ್ಲಿ ಪಾಲು ಎತ್ತಬೇಕಾದರೆ ಅದು ಎಷ್ಟು ಖಂಡುಗವೆಂದು ಗೊತ್ತಿರಬೇಕು. ಗೋಡೆ ಕಟ್ಟುವ ಮುನ್ನ ಇಟ್ಟಿಗೆಯ ಲೆಕ್ಕ, ಕಳಶಕ್ಕೆ ತಗಡು ಹೊದಿಸುವ ಮುನ್ನ ಅದರ ಮೈಯ ಲೆಕ್ಕ ಬೇಕು. ಘನಾಕೃತಿಗಳ ಅಳತೆ ಹುಟ್ಟಿದ್ದು ಇಂಥ ಅಗತ್ಯಗಳಿಂದ. ಚೌಕಾಕಾರದ ಹೊಂಡಕ್ಕೆ, ಪೆಟ್ಟಿಗೆಗೆ ಉದ್ದ, ಅಗಲ, ಎತ್ತರಗಳ ಗುಣಾಕಾರ ಸಾಕು. ಮೊನಚಾದದ್ದು, ಬಾಗಿದ್ದು, ದುಂಡಾದದ್ದು ಎದುರಾದ ಕೂಡಲೇ ಕಷ್ಟ ಶುರುವಾಗುತ್ತದೆ.

ಈ ಕಷ್ಟವನ್ನು ಬೇರೆ ಬೇರೆ ನಾಡಿನ ಗಣಿತಜ್ಞರು ಹೆಚ್ಚುಕಡಿಮೆ ಒಂದೇ ಉಪಾಯದಿಂದ ದಾಟಿದರು: ಆಕೃತಿಯನ್ನು ತೆಳು ಬಿಲ್ಲೆಗಳಾಗಿ ಕೊಯ್ದು ಮತ್ತೆ ಕೂಡುವುದು. ಘನಫಲ ಈ ಉಪಾಯಕ್ಕೆ ಮಣಿಯಿತು. ಮೇಲ್ಮೈ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ‘ಬಾಗಿದ ಮೈಯ ವಿಸ್ತೀರ್ಣ ಎಂದರೇನು’ ಎಂದು ಸರಿಯಾಗಿ ಹೇಳಲು 19ನೇ ಶತಮಾನದ ಕೊನೆ ದಾಟಬೇಕಾಯಿತು. ಶಾಲೆಯ ಪುಸ್ತಕದಲ್ಲಿ ಅಕ್ಕಪಕ್ಕ ಕುಳಿತಿರುವ ಈ ಎರಡು ಅಳತೆಗಳ ಚರಿತ್ರೆ ಒಂದೇ ವೇಗದಲ್ಲಿ ಸಾಗಿದ್ದಲ್ಲ. ಆ ವ್ಯತ್ಯಾಸದಲ್ಲೇ ಗಣಿತದ ಒಂದು ಆಳವಾದ ಸತ್ಯವಿದೆ.

ಮೂರರಲ್ಲೊಂದು ಪಾಲು

ಮಾಸ್ಕೋದ ವಸ್ತುಸಂಗ್ರಹಾಲಯದಲ್ಲಿ ಸುಮಾರು ಕ್ರಿ.ಪೂ. 1850ರ ಕಾಲದ್ದೆನ್ನಲಾದ ಒಂದು ಈಜಿಪ್ಟಿನ ಪಪೈರಸ್ ಸುರುಳಿ ಇದೆ. ಅದರ 14ನೇ ಲೆಕ್ಕ ತುದಿ ಕತ್ತರಿಸಿದ ಪಿರಮಿಡ್ಡಿನದು: ತಳದ ಬಾಹು 4, ಮೇಲಿನ ಬಾಹು 2, ಎತ್ತರ 6. ಲಿಪಿಕಾರ 4ರ ವರ್ಗ 16, 4 ಮತ್ತು 2ರ ಗುಣಲಬ್ಧ 8, 2ರ ವರ್ಗ 4 ಇವನ್ನು ಕೂಡಿ 28 ಎನ್ನುತ್ತಾನೆ. ಎತ್ತರದ ಮೂರನೇ ಒಂದು ಭಾಗವಾದ 2ರಿಂದ ಗುಣಿಸಿ 56 ಎಂದು ಮುಗಿಸುತ್ತಾನೆ. ಉತ್ತರ ಕರಾರುವಾಕ್ಕಾಗಿದೆ. ವಿಧಾನ ಸರಿ ಏಕೆ ಎಂಬ ಒಂದು ಮಾತೂ ಅಲ್ಲಿಲ್ಲ.

ಏಕೆ ಎಂದು ಕೇಳಿದವರು ಗ್ರೀಕರು. ಶಂಕು ತನ್ನಷ್ಟೇ ಪಾದ, ತನ್ನಷ್ಟೇ ಎತ್ತರದ ಸಿಲಿಂಡರಿನ ಮೂರನೇ ಒಂದು ಪಾಲು ಎಂದು ಮೊದಲು ಹೇಳಿದವನು ಡೆಮಾಕ್ರಿಟಸ್, ಅದನ್ನು ಸಾಧಿಸಿದವನು ಯುಡಾಕ್ಸಸ್ ಎಂದು ಆರ್ಕಿಮಿಡೀಸ್ ದಾಖಲಿಸಿದ್ದಾನೆ. ಡೆಮಾಕ್ರಿಟಸನ ಹೆಸರಿನಲ್ಲಿ ಒಂದು ಒಗಟೂ ಉಳಿದಿದೆ. ಶಂಕುವನ್ನು ಪಾದಕ್ಕೆ ಸಮಾಂತರವಾಗಿ ಕೊಯ್ದರೆ, ಕೊಯ್ದಲ್ಲಿ ಎದುರುಬದುರಾಗುವ ಎರಡು ವೃತ್ತಗಳು ಸಮವೋ ಅಸಮವೋ? ಸಮವಾದರೆ ಎಲ್ಲ ವೃತ್ತಗಳೂ ಸಮವಾಗಿ, ಶಂಕು ಸಿಲಿಂಡರ್ ಆಗಬೇಕಾಗುತ್ತದೆ. ಅಸಮವಾದರೆ ಶಂಕುವಿನ ನುಣುಪು ಮೈ ಮೆಟ್ಟಿಲು ಮೆಟ್ಟಿಲಾಗಬೇಕಾಗುತ್ತದೆ. ಯುಡಾಕ್ಸಸ್ ಈ ಒಗಟಿಗೆ ಸಿಲುಕದೆ, ಒಳಗಿನಿಂದಲೂ ಹೊರಗಿನಿಂದಲೂ ಆಕೃತಿಯನ್ನು ಬಿಗಿಯುತ್ತ ಹೋಗಿ ಬೇರೆ ಯಾವ ಉತ್ತರಕ್ಕೂ ಜಾಗವಿಲ್ಲದಂತೆ ಮಾಡುವ ದಾರಿ ಹಿಡಿದ. ಒಗಟು ಮಾತ್ರ ಹಾಗೇ ಉಳಿಯಿತು.

ಆರ್ಕಿಮಿಡೀಸನ ತಕ್ಕಡಿ

ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಗೋಳವನ್ನು ಗೆದ್ದ. ಗೋಳವನ್ನು ಸರಿಯಾಗಿ ಅಪ್ಪಿಕೊಳ್ಳುವ ಸಿಲಿಂಡರಿಗೂ ಗೋಳಕ್ಕೂ ಇರುವ ಅನುಪಾತ 3:2. ಈ ಅನುಪಾತ ಘನಫಲಕ್ಕೂ ನಿಜ. ಮೇಲೆ ಕೆಳಗಿನ ಮುಚ್ಚಳ ಸೇರಿಸಿದರೆ ಮೇಲ್ಮೈಗೂ ನಿಜ. ಗೋಳದ ಮೈ ಅದರ ನಡುವಿನ ವೃತ್ತದ ನಾಲ್ಕರಷ್ಟು. ತನ್ನ ಸಮಾಧಿಯ ಮೇಲೆ ಗೋಳ ಮತ್ತು ಸಿಲಿಂಡರಿನ ಆಕೃತಿ ಇರಲೆಂದು ಅವನು ಬಯಸಿದ್ದ. ಕ್ರಿ.ಪೂ. 75ರಲ್ಲಿ ಸಿಸಿಲಿಯ ಅಧಿಕಾರಿಯಾಗಿದ್ದ ಸಿಸೆರೊ ಪೊದೆಗಳ ನಡುವೆ ಆ ಸಮಾಧಿಯನ್ನು ಗುರುತಿಸಿದ್ದು ಆ ಆಕೃತಿಯಿಂದಲೇ.

ಆರ್ಕಿಮಿಡೀಸ್ ಈ ಫಲಿತಾಂಶಗಳನ್ನು ಕಂಡುಕೊಂಡದ್ದು ಹೇಗೆಂಬುದು ಬಹುಕಾಲ ತಿಳಿದಿರಲಿಲ್ಲ. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲಿನಲ್ಲಿ ಒಂದು ಪ್ರಾರ್ಥನಾ ಪುಸ್ತಕವನ್ನು ಪರೀಕ್ಷಿಸಿದ. ಅದರ ಚರ್ಮದ ಹಾಳೆಗಳ ಮೇಲೆ 10ನೇ ಶತಮಾನದಲ್ಲಿ ನಕಲು ಮಾಡಿದ್ದ ಆರ್ಕಿಮಿಡೀಸನ ಬರಹವನ್ನು 13ನೇ ಶತಮಾನದಲ್ಲಿ ಕೆರೆದು ತೆಗೆದು, ಮೇಲೆ ಪ್ರಾರ್ಥನೆಗಳನ್ನು ಬರೆಯಲಾಗಿತ್ತು. ಕೆರೆದ ಅಕ್ಷರಗಳ ನಡುವೆ ವಿದ್ವಾಂಸ ಎರಟೊಸ್ಥನೀಸನಿಗೆ ಬರೆದ ‘ವಿಧಾನ’ ಎಂಬ ಕೃತಿ ಸಿಕ್ಕಿತು. ಅದರಲ್ಲಿ ಅವನು ಗೋಳ, ಶಂಕು, ಸಿಲಿಂಡರುಗಳನ್ನು ಒಂದೇ ಅಕ್ಷದ ಮೇಲೆ ನಿಲ್ಲಿಸಿ ತೆಳುವಾಗಿ ಕೊಯ್ಯುತ್ತಾನೆ. ಪ್ರತಿ ಕೊಯ್ತದಲ್ಲೂ ತಕ್ಕಡಿಯ ಒಂದು ತೋಳಿನ ತುದಿಗೆ ತೂಗುಹಾಕಿದ ಗೋಳ ಮತ್ತು ಶಂಕುವಿನ ಬಿಲ್ಲೆಗಳು ಇನ್ನೊಂದು ಕಡೆಯ ಸಿಲಿಂಡರಿನ ಬಿಲ್ಲೆಗೆ ಸರಿತೂಗುತ್ತವೆ. ಬಿಲ್ಲೆಗಳೆಲ್ಲ ತೂಗಿದ ಮೇಲೆ ಘನಫಲ ತಾನಾಗಿ ಹೊರಬೀಳುತ್ತದೆ. ಇದು ಸಾಧನೆಯಲ್ಲ, ಹುಡುಕುವ ದಾರಿ ಎಂದು ಅವನೇ ಎಚ್ಚರಿಸಿ, ಸಾಧನೆಯನ್ನು ಬೇರೆಯಾಗಿ ಕೊಟ್ಟ.

ಅಲ್ಲೇ ಇನ್ನೊಂದು ಮಹತ್ವದ ಮಾತಿದೆ. ಅವನಿಗೆ ಮೊದಲು ಸಿಕ್ಕಿದ್ದು ಘನಫಲ. ಗೋಳದ ಮೈಯನ್ನು ಪಾದವಾಗಿಯೂ ತ್ರಿಜ್ಯವನ್ನು ಎತ್ತರವಾಗಿಯೂ ಉಳ್ಳ ಶಂಕುವಿಗೆ ಗೋಳ ಸಮವಾಗಿರಬೇಕು ಎಂಬ ಊಹೆಯಿಂದ ಮೇಲ್ಮೈ ಆಮೇಲೆ ಹೊಳೆಯಿತು. ಒಳಗು ಮೊದಲು, ಹೊರಗು ನಂತರ. ಈ ಕ್ರಮ ಮುಂದೆಯೂ ಮತ್ತೆ ಮತ್ತೆ ಕಾಣುತ್ತದೆ.

ಲಿಯು ಹುಯಿ ಬಿಟ್ಟುಹೋದ ಪ್ರಶ್ನೆ

ಚೀನಾದ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತ ಗ್ರಂಥದ ಪ್ರಕಾರ ಗೋಳದ ಘನಫಲ ವ್ಯಾಸದ ಘನದ 9/16 ಭಾಗ. ಕ್ರಿ.ಶ. 263ರಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ ಇದು ತಪ್ಪೆಂದು ತೋರಿಸಿದ. ಒಂದು ಘನದೊಳಗೆ ಎರಡು ಸಿಲಿಂಡರುಗಳು ಒಂದನ್ನೊಂದು ಲಂಬವಾಗಿ ಹಾಯ್ದಾಗ ಎರಡಕ್ಕೂ ಸೇರಿದ ಭಾಗವನ್ನು ಅವನು ತೆಗೆದುಕೊಂಡ. ಯಾವ ಎತ್ತರದಲ್ಲಿ ಕೊಯ್ದರೂ ಆ ಆಕೃತಿಯಲ್ಲಿ ಒಂದು ಚೌಕ, ಅದರೊಳಗೆ ಗೋಳದ ವೃತ್ತ ಕಾಣುತ್ತದೆ. ಆದ್ದರಿಂದ ಗೋಳಕ್ಕೂ ಆ ಆಕೃತಿಗೂ ಇರುವ ಅನುಪಾತ, ವೃತ್ತಕ್ಕೂ ಚೌಕಕ್ಕೂ ಇರುವ ಅನುಪಾತವೇ. ಉಳಿದದ್ದು ಆ ಆಕೃತಿಯ ಘನಫಲ. ಅದು ಅವನ ಕೈಗೆ ಎಟುಕಲಿಲ್ಲ. ಬಲ್ಲವರು ಮುಂದೆ ಬಿಡಿಸಲಿ ಎಂದು ಪ್ರಾಮಾಣಿಕವಾಗಿ ಬರೆದಿಟ್ಟ.

ಬಿಡಿಸಿದವನು ಗಣಿತಜ್ಞ ಜು ಚೊಂಗ್‌ಝಿಯ ಮಗ ಜು ಗೆಂಗ್. ಆಕೃತಿಯನ್ನು ತೆಗೆದ ಮೇಲೆ ಘನದಲ್ಲಿ ಉಳಿಯುವ ಭಾಗವನ್ನು ಅವನು ನೋಡಿದ. ಪ್ರತಿ ಎತ್ತರದಲ್ಲೂ ಅದರ ಕೊಯ್ತ ಒಂದು ತಲೆಕೆಳಗಾದ ಪಿರಮಿಡ್ಡಿನ ಕೊಯ್ತಕ್ಕೆ ಸಮ. ಎಲ್ಲ ಎತ್ತರಗಳಲ್ಲೂ ಕೊಯ್ತಗಳು ಸಮವಾದರೆ ಘನಫಲಗಳೂ ಸಮ ಎಂಬ ತತ್ತ್ವವನ್ನು ಹೇಳಿ, ಉಳಿದ ಭಾಗ ಘನದ 1/3, ಆಕೃತಿ 2/3 ಎಂದು ಮುಗಿಸಿದ. ಯುರೋಪಿನಲ್ಲಿ ಈ ತತ್ತ್ವಕ್ಕೆ ಕವಾಲಿಯೇರಿಯ ಹೆಸರು ಬರಲು ಇನ್ನೂ ಸಾವಿರ ವರ್ಷಕ್ಕೂ ಮಿಗಿಲಾದ ಕಾಲವಿತ್ತು.

ಖಾತ, ರಾಶಿ, ಗೋಳ

ಭಾರತದ ಗಣಿತ ಗ್ರಂಥಗಳಲ್ಲಿ ಈ ಅಳತೆಗಳಿಗೆ ಪ್ರತ್ಯೇಕ ವ್ಯವಹಾರಗಳಿವೆ: ಹೊಂಡ ಕೆರೆಗಳಿಗೆ ಖಾತ, ಇಟ್ಟಿಗೆ ಒಟ್ಟಲಿಗೆ ಚಿತಿ, ಮರ ಕೊಯ್ಯುವುದಕ್ಕೆ ಕ್ರಕಚ, ಧಾನ್ಯಕ್ಕೆ ರಾಶಿ. ಆರಂಭದ ಹೆಜ್ಜೆಗಳು ಎಡವಿದವು. 499ರ ‘ಆರ್ಯಭಟೀಯ’ದಲ್ಲಿ ಪಿರಮಿಡ್ಡಿನ ಘನಫಲ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ, ಗೋಳದ್ದು ನಡುವೃತ್ತದ ವಿಸ್ತೀರ್ಣವನ್ನು ಅದರ ವರ್ಗಮೂಲದಿಂದ ಗುಣಿಸಿದಷ್ಟು. ಎರಡೂ ತಪ್ಪು. 628ರಲ್ಲಿ ಬ್ರಹ್ಮಗುಪ್ತ ಮೊನಚಾದ ಹೊಂಡಕ್ಕೆ 1/3 ಎಂಬ ಸರಿಯಾದ ಪಾಲನ್ನು ಕೊಟ್ಟ.

9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯೊಂದಿಗೆ ಆರಂಭವಾಗುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಗೋಳಕ್ಕೆ ಎರಡು ಬೆಲೆ ಕೊಡುತ್ತದೆ. ವ್ಯವಹಾರಕ್ಕೆ ಸಾಕಾಗುವ ಬೆಲೆ ತ್ರಿಜ್ಯದ ಘನದ 4.5ರಷ್ಟು, ಸೂಕ್ಷ್ಮ ಬೆಲೆ ಅದರ 9/10, ಅಂದರೆ 4.05ರಷ್ಟು. ನಿಜವಾದ ಬೆಲೆ ಸುಮಾರು 4.189. ಮೊದಲನೆಯದು ಶೇ. 7ರಷ್ಟು ಹೆಚ್ಚು, ಎರಡನೆಯದು ಶೇ. 3ರಷ್ಟು ಕಡಿಮೆ. ಒರಟು ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ ಈ ಶಿಸ್ತು ದೊಡ್ಡದು.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ರಾಶಿಯ ಲೆಕ್ಕವನ್ನು ಹೇಳುವ ರೀತಿ ಇಂದಿಗೂ ಕಣದಲ್ಲಿ ಬಳಸಬಹುದಾದಷ್ಟು ಸರಳ. ದಪ್ಪ ಧಾನ್ಯದ ರಾಶಿಯ ಎತ್ತರ ಸುತ್ತಳತೆಯ ಹತ್ತರಲ್ಲೊಂದು, ಸಣ್ಣ ಧಾನ್ಯದ್ದು ಹನ್ನೊಂದರಲ್ಲೊಂದು, ಮುಳ್ಳಿನ ತೆನೆಯ ಧಾನ್ಯದ್ದು ಒಂಬತ್ತರಲ್ಲೊಂದು. ಸುತ್ತಳತೆಯ ಆರನೇ ಒಂದು ಭಾಗದ ವರ್ಗವನ್ನು ಎತ್ತರದಿಂದ ಗುಣಿಸಿದರೆ ಘನಫಲ. 60 ಮೊಳ ಸುತ್ತಳತೆಯ ದಪ್ಪ ಧಾನ್ಯದ ರಾಶಿಗೆ 10ರ ವರ್ಗ 100, ಎತ್ತರ 6: ಒಟ್ಟು 600 ಘನ ಮೊಳ. ಇದು ಶಂಕುವಿನ ಸೂತ್ರವೇ; ಪೈ ಬೆಲೆಯನ್ನು 3 ಎಂದು ಹಿಡಿದದ್ದಷ್ಟೇ ವ್ಯತ್ಯಾಸ. ಗೋಡೆಗೆ ಒರಗಿದ ರಾಶಿಗೂ, ಮೂಲೆಯಲ್ಲಿ ಬಿದ್ದ ರಾಶಿಗೂ ಬೇರೆ ಬೇರೆ ಗುಣಕಗಳಿವೆ.

ಗೋಳದ ವಿಷಯಕ್ಕೆ ಬಂದಾಗ ಅವನ ನಿಖರತೆ ಪೂರ್ಣವಾಗುತ್ತದೆ. ಚೆಂಡನ್ನು ಮುಚ್ಚಿದ ಬಲೆಯಂತಿರುವ ಮೇಲ್ಮೈ ವೃತ್ತದ ನಾಲ್ಕರಷ್ಟು ಎನ್ನುತ್ತಾನೆ. ಅದನ್ನು ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಘನಫಲ. ‘ಸಿದ್ಧಾಂತಶಿರೋಮಣಿ’ಯ ಗೋಳಾಧ್ಯಾಯದಲ್ಲಿ ಅವನು ವೃತ್ತದ ವಿಸ್ತೀರ್ಣವನ್ನು ಪರಿಧಿಯಿಂದ ಗುಣಿಸಿದರೆ ಗೋಳದ ಮೈ ಸಿಗುತ್ತದೆಂಬ, ಹಿಂದಿನ ಗಣಿತಜ್ಞ ಲಲ್ಲನ ಸೂತ್ರವನ್ನು ಖಂಡಿಸುತ್ತಾನೆ. ಬಳಿಕ ಮೈಯನ್ನು ಧ್ರುವದಿಂದ ಧ್ರುವಕ್ಕೆ ಎಸಳುಗಳಾಗಿ ಸೀಳಿ, ಒಂದು ಎಸಳಿನ ವಿಸ್ತೀರ್ಣವನ್ನು ಜ್ಯಾ (ಸೈನ್) ಕೋಷ್ಟಕದಿಂದ ಕೂಡಿ, ತನ್ನ ಸೂತ್ರವನ್ನು ವಿವರಿಸುತ್ತಾನೆ. ಗೋಳದ ಒಳಗನ್ನು ಅವನು ಕಂಡದ್ದು ಕೇಂದ್ರದಲ್ಲಿ ತುದಿ ಸೇರುವ ಸೂಜಿ ಮೊನೆಗಳ ಕೂಟವಾಗಿ. ಕೇರಳದಲ್ಲಿ ಸುಮಾರು 1530ರಲ್ಲಿ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ ಈ ಸೀಳಿ ಕೂಡುವ ದಾರಿಯನ್ನು ಮುಂದುವರಿಸಿ ಗೋಳದ ಮೇಲ್ಮೈ, ಘನಫಲ ಎರಡಕ್ಕೂ ಯುಕ್ತಿ ಕೊಟ್ಟಿತು. ಜನರ ಮಾತಿನಲ್ಲಿ ಗಣಿತ ಬರೆಯುವ ಕೆಲಸವನ್ನು ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ ತನ್ನ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳಲ್ಲಿ ಆಗಲೇ ಮಾಡಿದ್ದ.

ಪೀಪಾಯಿಯಿಂದ ಕಲನಶಾಸ್ತ್ರಕ್ಕೆ

1613ರಲ್ಲಿ ಖಗೋಳಜ್ಞ ಕೆಪ್ಲರ್ ತನ್ನ ಎರಡನೇ ಮದುವೆಯ ಹೊತ್ತಿಗೆ ಲಿಂಟ್ಸ್ ನಗರದಲ್ಲಿ ದ್ರಾಕ್ಷಾರಸದ ಪೀಪಾಯಿಗಳನ್ನು ಕೊಂಡ. ವ್ಯಾಪಾರಿ ಪೀಪಾಯಿಯ ತೂತಿನಿಂದ ಒಂದು ಕೋಲನ್ನು ಓರೆಯಾಗಿ ಇಳಿಸಿ, ನೆನೆದ ಉದ್ದವನ್ನು ನೋಡಿ ಬೆಲೆ ಹೇಳಿದ. ಆಕಾರ ಬೇರೆಯಾದರೂ ಒಂದೇ ಕೋಲು ಹೇಗೆ ಸಾಕು ಎಂಬ ಪ್ರಶ್ನೆ 1615ರಲ್ಲಿ ಒಂದು ಪುಸ್ತಕವಾಯಿತು. ಪೀಪಾಯಿಯನ್ನು ತೆಳು ಬಿಲ್ಲೆಗಳ ಒಟ್ಟಲಾಗಿ ನೋಡಿದ ಆ ಪುಸ್ತಕ, ಗರಿಷ್ಠ ಘನಫಲದ ಹತ್ತಿರ ಆಕಾರ ತುಸು ಬದಲಾದರೂ ಆ ಘನಫಲ ಬಹುತೇಕ ಬದಲಾಗುವುದಿಲ್ಲ ಎಂಬುದನ್ನೂ ಗುರುತಿಸಿತು.

1635ರಲ್ಲಿ ಬೊಲೊನ್ಯದ ಕವಾಲಿಯೇರಿ ಕೊಯ್ತಗಳ ತತ್ತ್ವವನ್ನೇ ಇಡೀ ಶಾಸ್ತ್ರವಾಗಿ ಬೆಳೆಸಿದ. ಅದೇ ದಾರಿಯಲ್ಲಿ ನಡೆದ ಟೊರಿಚೆಲ್ಲಿ 1640ರ ದಶಕದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ. ಅತಿಪರವಲಯವನ್ನು ಅದು ಮುಟ್ಟದೆ ಸಮೀಪಿಸುತ್ತ ಹೋಗುವ ಅಕ್ಷದ ಸುತ್ತ ತಿರುಗಿಸಿದಾಗ ಬರುವ, ಕೊನೆಯಿಲ್ಲದೆ ಸಪೂರವಾಗುತ್ತ ಹೋಗುವ ಆಕೃತಿಯ ಘನಫಲ ಮಿತವಾದದ್ದು ಎಂದು ಅವನು ಸಾಧಿಸಿದ. ಅದರ ಮೇಲ್ಮೈಗಾದರೆ ಮಿತಿಯೇ ಇಲ್ಲ. ಒಳಗು ಮತ್ತು ಹೊರಗು ಎಷ್ಟು ಸ್ವತಂತ್ರವಾದ ಅಳತೆಗಳೆಂಬುದು ಇಲ್ಲಿ ಮೊದಲ ಬಾರಿಗೆ ನಿಚ್ಚಳವಾಯಿತು. ಆ ಶತಮಾನದ ಕೊನೆಯ ಭಾಗದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಟ್ಟಿದ ಕಲನಶಾಸ್ತ್ರ ಈ ಬಿಡಿ ಜಾಣ್ಮೆಗಳನ್ನು ಒಂದೇ ಸಾಮಾನ್ಯ ವಿಧಾನವಾಗಿಸಿತು.

ಮೈಯ ಅರ್ಥ ಹುಡುಕುತ್ತ

ಸೂತ್ರಗಳು ಸಿಕ್ಕಿದ ಮೇಲೂ ಎರಡು ಪ್ರಶ್ನೆಗಳು ಉಳಿದಿದ್ದವು. ಮೊದಲನೆಯದು ಪಿರಮಿಡ್ಡಿನ 1/3ರ ಬಗ್ಗೆ: ತೆಳು ಬಿಲ್ಲೆಗಳಿಲ್ಲದೆ, ಬರಿಯ ಕತ್ತರಿಸಿ ಜೋಡಿಸಿ ಅದನ್ನು ಸಾಧಿಸಬಹುದೇ? ಸಮತಲದಲ್ಲಿ ಸಮ ವಿಸ್ತೀರ್ಣದ ಎರಡು ಬಹುಭುಜಗಳಲ್ಲಿ ಒಂದನ್ನು ಕತ್ತರಿಸಿ ಇನ್ನೊಂದಾಗಿ ಜೋಡಿಸಬಹುದು. ಘನಾಕೃತಿಗಳಲ್ಲೂ ಹೀಗೆ ಸಾಧ್ಯವೇ? 1900ರಲ್ಲಿ ಹಿಲ್ಬರ್ಟ್ ತನ್ನ 23 ಸಮಸ್ಯೆಗಳ ಪಟ್ಟಿಯಲ್ಲಿ ಇದನ್ನು ಮೂರನೆಯದಾಗಿ ಇಟ್ಟ. ಅದೇ ವರ್ಷ ಅವನ ಶಿಷ್ಯ ಮ್ಯಾಕ್ಸ್ ಡೇನ್ ಇಲ್ಲವೆಂದು ತೋರಿಸಿದ: ಸಮಚತುರ್ಮುಖಿಯನ್ನು ಎಷ್ಟು ತುಂಡು ಮಾಡಿದರೂ ಅಷ್ಟೇ ಘನಫಲದ ಘನವಾಗಿ ಜೋಡಿಸಲಾಗದು. ಮುಗಿಯದಷ್ಟು ತೆಳುವಾಗಿ ಕೊಯ್ಯುವುದು ಬರಿಯ ಅನುಕೂಲವಲ್ಲ, ಅನಿವಾರ್ಯ. ಡೆಮಾಕ್ರಿಟಸನ ಒಗಟು ಅಷ್ಟು ಕಾಡಿದ್ದು ಅದಕ್ಕೇ.

ಎರಡನೆಯದು ಮೇಲ್ಮೈ. ವಕ್ರರೇಖೆಯ ಉದ್ದವನ್ನು ಅದರ ಮೇಲೆ ಬಿಂದುಗಳನ್ನಿಟ್ಟು, ಸರಳರೇಖೆಗಳಿಂದ ಜೋಡಿಸಿ ಅಳೆಯುತ್ತೇವೆ. ಬಾಗಿದ ಮೈಯ ಮೇಲೂ ಬಿಂದುಗಳನ್ನಿಟ್ಟು ಪುಟ್ಟ ತ್ರಿಕೋನಗಳಿಂದ ಮುಚ್ಚಿದರೆ ವಿಸ್ತೀರ್ಣ ಸಿಗಬೇಕೆಂದು 19ನೇ ಶತಮಾನದ ಪಠ್ಯಗಳು ನಂಬಿದ್ದವು. 1880ರ ಸುಮಾರಿಗೆ ಹರ್ಮನ್ ಶ್ವಾರ್ಟ್ಸ್ ಒಂದು ಸಾಮಾನ್ಯ ಸಿಲಿಂಡರಿನಲ್ಲೇ ಈ ನಂಬಿಕೆಯನ್ನು ಮುರಿದ. ತ್ರಿಕೋನಗಳ ಮೂಲೆಗಳೆಲ್ಲ ಸಿಲಿಂಡರಿನ ಮೈಮೇಲೇ ಇದ್ದು, ಅವು ಎಷ್ಟೇ ಸಣ್ಣದಾದರೂ, ಅಡ್ಡ ಸಾಲುಗಳನ್ನು ಬಹು ಬೇಗ ಹೆಚ್ಚಿಸಿದರೆ ತ್ರಿಕೋನಗಳು ನೆರಿಗೆಯಂತೆ ಮಡಿಚಿಕೊಂಡು ಅವುಗಳ ಒಟ್ಟು ವಿಸ್ತೀರ್ಣ ಮಿತಿಮೀರಿ ಬೆಳೆಯುತ್ತದೆ. ಮೈಗೆ ಹತ್ತಿರವಾದರೆ ಸಾಲದು, ಅದರ ಓರೆಯನ್ನೂ ಅನುಸರಿಸಬೇಕು.

20ನೇ ಶತಮಾನದ ಆರಂಭದಲ್ಲಿ ಮಿಂಕೋವ್‌ಸ್ಕಿ ಸೊಗಸಾದ ಪರಿಹಾರ ಕೊಟ್ಟ. ಆಕೃತಿಯ ಮೇಲೆ ಎಲ್ಲೆಡೆ ಒಂದೇ ದಪ್ಪದ ತೆಳು ಪದರ ಹೊದಿಸಿ. ಹೆಚ್ಚಾದ ಘನಫಲವನ್ನು ಪದರದ ದಪ್ಪದಿಂದ ಭಾಗಿಸಿ. ದಪ್ಪ ಸೊನ್ನೆಯತ್ತ ಸರಿದಾಗ ಸಿಗುವ ಬೆಲೆಯೇ ಮೇಲ್ಮೈ. ಗೋಳದ ಘನಫಲ 4/3 × ಪೈ × ತ್ರಿಜ್ಯದ ಘನವಾದರೆ, ಮೇಲ್ಮೈ 4 × ಪೈ × ತ್ರಿಜ್ಯದ ವರ್ಗವಾಗುವುದು ಹೀಗೆಯೇ. ಆರ್ಕಿಮಿಡೀಸ್ ಕಂಡಂತೆ, ಒಳಗಿನಿಂದಲೇ ಹೊರಗು ಅರ್ಥವಾಯಿತು.

ಇಂದಿನ ಅಳತೆ

1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಮೊದಲ ರೋಗಿಯ ಮೆದುಳನ್ನು ಪದರ ಪದರವಾಗಿ ತೋರಿಸಿತು. ಇಂದು ಗಡ್ಡೆಯ ಗಾತ್ರವನ್ನು ಹೇಳುವ ವೈದ್ಯರು ಪ್ರತಿ ಚಿತ್ರದಲ್ಲಿ ಗಡ್ಡೆ ಆಕ್ರಮಿಸಿದ ವಿಸ್ತೀರ್ಣವನ್ನು ಪದರದ ದಪ್ಪದಿಂದ ಗುಣಿಸಿ ಕೂಡಬಹುದು. ಅದು ಜು ಗೆಂಗ್ ಮತ್ತು ಕವಾಲಿಯೇರಿಯ ತತ್ತ್ವವೇ. 1987ರಲ್ಲಿ ಲಾರೆನ್‌ಸೆನ್ ಮತ್ತು ಕ್ಲೈನ್ ಇಂಥ ಪದರಗಳಿಂದ ಅಂಗದ ಮೈಯನ್ನು ತ್ರಿಕೋನಗಳಲ್ಲಿ ಕಟ್ಟುವ ಕಂಪ್ಯೂಟರ್ ವಿಧಾನ ಕೊಟ್ಟರು. ಅಲ್ಲಿ ಶ್ವಾರ್ಟ್ಸನ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಸ್ವಿಟ್ಜರ್ಲೆಂಡಿನ ವೈಬಲ್ ಶ್ವಾಸಕೋಶದ ತೆಳು ಕೊಯ್ತಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಗಾಳಿಗೂಡುಗಳ ಒಳಮೈಯನ್ನು ಲೆಕ್ಕ ಹಾಕಿದ. 1978ರಲ್ಲಿ ಅವನ ತಂಡ ಕಂಡ ಬೆಲೆ ಸುಮಾರು 140 ಚದರ ಮೀಟರ್. ಎದೆಯೊಳಗಿನ ಕೆಲವೇ ಲೀಟರು ಜಾಗದಲ್ಲಿ ಅಷ್ಟು ಮೈ ಮಡಿಚಿಕೊಂಡಿರುವುದರಿಂದಲೇ ನಾವು ಉಸಿರಾಡುತ್ತೇವೆ. ಇನ್ನೊಂದು ತುದಿಯಲ್ಲಿ, 2019ರಲ್ಲಿ ಕಿಲೋಗ್ರಾಮಿನ ಹೊಸ ವ್ಯಾಖ್ಯೆ ಜಾರಿಗೆ ಬರುವ ಮುನ್ನ ವಿಜ್ಞಾನಿಗಳು ಸುಮಾರು 94 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಗೋಳಗಳನ್ನು ಬೆಳಕಿನ ಅಲೆಗಳಿಂದ ಅಳೆದು, ಘನಫಲದಿಂದ ಅವುಗಳ ಪರಮಾಣುಗಳ ಸಂಖ್ಯೆಗೆ ತಲುಪಿದರು.

ಇಷ್ಟು ದೊಡ್ಡ ಪರಂಪರೆ ನಮ್ಮ ಶಾಲೆಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಸೂತ್ರಪಟ್ಟಿಯಾಗಿ ಉಳಿಯಬಾರದು. ಗಣಿತ ಶಿಕ್ಷಕರಲ್ಲಿ ಒಂದು ಕೋರಿಕೆ: 1/3 ಎಂದು ಹಲಗೆಯ ಮೇಲೆ ಬರೆಯುವ ಮುನ್ನ, ಒಂದು ಘನವನ್ನು ಒಂದೇ ಮೂಲೆಯಲ್ಲಿ ತುದಿ ಸೇರುವ ಮೂರು ಸಮ ಪಿರಮಿಡ್ಡುಗಳಾಗಿ ರಟ್ಟಿನಲ್ಲಿ ಮಾಡಿಸಿ. ಮಹಾವೀರನ ಎರಡು ಬೆಲೆಗಳನ್ನು ನೀರು ತುಂಬಿದ ಪಾತ್ರೆ ಮತ್ತು ಚೆಂಡಿನಿಂದ ಪರೀಕ್ಷಿಸಲು ಹೇಳಿ. ಭಾಸ್ಕರನ ರಾಶಿ ಲೆಕ್ಕವನ್ನು ಮರಳಿನ ಗುಡ್ಡೆಯ ಮೇಲೆ ಮಾಡಿಸಿ. ಏಕೆ ಎಂದು ಮಗು ಕೇಳಿದ ದಿನ ಸೂತ್ರ ಅದರ ಸ್ವಂತದ್ದಾಗುತ್ತದೆ.