ತಂತ್ರಾಂಶ ಅಭಿವೃದ್ಧಿಯ ಜಲಪಾತ ಮಾದರಿ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪ್ರಮಾಣಪತ್ರ, ಪರವಾನಗಿ, ಪಿಂಚಣಿ ಮುಂತಾದ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು, ಅರ್ಜಿ ನಮೂನೆಯಲ್ಲಿ ಒಂದು ಅಂಕಣವನ್ನು ಬದಲಿಸಲು ತಿಂಗಳುಗಟ್ಟಲೆ ಕಾಲ ಏಕೆ ಬೇಕು ಎಂದು ಕೇಳುವುದು ಸಹಜ. ಇದಕ್ಕೆ ಉತ್ತರವು ಬಹುಮಟ್ಟಿಗೆ ತಂತ್ರಾಂಶವನ್ನು ಸಿದ್ಧಪಡಿಸಿದ ಕ್ರಮದಲ್ಲಿರುತ್ತದೆ. ಅಂತಹ ಕ್ರಮಗಳಲ್ಲಿ ಹಳೆಯದೂ ಸುಪರಿಚಿತವೂ ಆದ ಜಲಪಾತ ಮಾದರಿಯ ಸ್ವರೂಪ, ಅನುಕೂಲ, ಮಿತಿಗಳು ಹಾಗೂ ನಾಗರಿಕರು ಅಭಿಪ್ರಾಯ ತಿಳಿಸಲು ಸೂಕ್ತವಾದ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

1. ಮಾದರಿಯ ಹಂತಗಳು

ಜಲಪಾತದ ನೀರು ಕೆಳಕ್ಕೆ ಇಳಿಯುವುದೇ ಹೊರತು ಮೇಲಕ್ಕೆ ಏರುವುದಿಲ್ಲ. ಅದರಂತೆ ಈ ಮಾದರಿಯಲ್ಲಿ ಒಂದು ಹಂತವು ಮುಗಿದು, ಅದರ ದಾಖಲೆಗೆ ಅನುಮೋದನೆ ದೊರೆತ ನಂತರವೇ ಮುಂದಿನ ಹಂತವನ್ನು ಕೈಗೊಳ್ಳಲಾಗುತ್ತದೆ.

ಅ) ಅಗತ್ಯಗಳ ನಿರ್ಧಾರ: ತಂತ್ರಾಂಶವು ಏನು ಮಾಡಬೇಕು, ಯಾರು ಬಳಸುತ್ತಾರೆ, ಯಾವ ನಿಯಮಗಳು ಅನ್ವಯಿಸುತ್ತವೆ ಎಂಬುದನ್ನು ಬರವಣಿಗೆಯಲ್ಲಿ ನಿಗದಿಪಡಿಸುವುದು.
ಆ) ವಿನ್ಯಾಸ: ಪರದೆಗಳು, ದತ್ತಾಂಶದ ಕೋಷ್ಟಕಗಳು ಮತ್ತು ಅವುಗಳ ಪರಸ್ಪರ ಸಂಬಂಧವನ್ನು ರೂಪಿಸುವುದು.
ಇ) ಸಂಕೇತ ರಚನೆ: ಪ್ರೋಗ್ರಾಂಗಳನ್ನು ಬರೆಯುವುದು.
ಈ) ಪರೀಕ್ಷೆ: ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವುದು, ಕೊನೆಯಲ್ಲಿ ಬಳಕೆದಾರರಿಂದ ಸ್ವೀಕಾರ ಪರೀಕ್ಷೆ ನಡೆಸುವುದು.
ಉ) ಅನುಷ್ಠಾನ ಮತ್ತು ನಿರ್ವಹಣೆ: ಬಳಕೆಗೆ ತರುವುದು ಹಾಗೂ ನಂತರದ ತಿದ್ದುಪಡಿಗಳನ್ನು ಮಾಡುವುದು.

2. ಹಿನ್ನೆಲೆ

ದೊಡ್ಡ ತಂತ್ರಾಂಶವನ್ನು ಹಂತಹಂತವಾಗಿ ತಯಾರಿಸುವ ಕ್ರಮವನ್ನು 1956ರಲ್ಲಿ ಹರ್ಬರ್ಟ್ ಬೆನಿಂಗ್ಟನ್ ಅವರು ಅಮೆರಿಕದ ಸೇಜ್ ವಾಯುರಕ್ಷಣಾ ವ್ಯವಸ್ಥೆಯ ಅನುಭವದಿಂದ ವಿವರಿಸಿದ್ದರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಅವರು ಮಂಡಿಸಿದ ಪ್ರಬಂಧದಲ್ಲಿನ ಮೆಟ್ಟಿಲು ರೂಪದ ಚಿತ್ರವೇ ಈ ಮಾದರಿಯ ಮೂಲವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆದರೆ ರಾಯ್ಸ್ ಅವರು 'ಜಲಪಾತ' ಎಂಬ ಪದವನ್ನು ಬಳಸಿರಲಿಲ್ಲ. ಪರೀಕ್ಷೆಯನ್ನು ಕೊನೆಗೆ ಉಳಿಸುವ ಈ ಕ್ರಮವನ್ನು ಯಥಾವತ್ತಾಗಿ ಅನುಸರಿಸುವುದು ಅಪಾಯಕರವೆಂದೇ ಅವರು ಎಚ್ಚರಿಸಿದ್ದರು. ಹೊಸ ಬಗೆಯ ತಂತ್ರಾಂಶವಾದರೆ ಮೊದಲು ಒಂದು ಪ್ರಾಯೋಗಿಕ ಆವೃತ್ತಿಯನ್ನು ನಿರ್ಮಿಸಬೇಕೆಂದೂ, ಬಳಕೆದಾರರನ್ನು ಆರಂಭದಿಂದಲೇ ತೊಡಗಿಸಿಕೊಳ್ಳಬೇಕೆಂದೂ ಸೂಚಿಸಿದ್ದರು. ಪ್ರಸ್ತುತ ಹೆಸರು 1976ರಲ್ಲಿ ಬೆಲ್ ಮತ್ತು ಥೇಯರ್ ಅವರ ಪ್ರಬಂಧದಲ್ಲಿ ಕಾಣಿಸಿಕೊಂಡಿತು.

3. ಅನುಕೂಲಗಳು

ಕಟ್ಟಡ ಕಾಮಗಾರಿಯಲ್ಲಿ ತಳಪಾಯ, ಗೋಡೆ, ಛಾವಣಿ ಎಂದು ಹಂತವಾರು ಬಿಲ್ಲು ಪಾವತಿಸುವಂತೆ, ಇಲ್ಲಿಯೂ ಪ್ರತಿ ಹಂತದ ದಾಖಲೆಯನ್ನು ಪರಿಶೀಲಿಸಿ ಹಣ ಬಿಡುಗಡೆ ಮಾಡಬಹುದು. ಕೆಲಸದ ವ್ಯಾಪ್ತಿ ಮೊದಲೇ ನಿಗದಿಯಾಗುವುದರಿಂದ ಟೆಂಡರ್‌ದಾರರ ದರಗಳನ್ನು ಹೋಲಿಸುವುದು ಹಾಗೂ ಲೆಕ್ಕಪರಿಶೋಧನೆ ನಡೆಸುವುದು ಸುಲಭ. ನಿಯಮಗಳು ಸ್ಥಿರವಾಗಿದ್ದು, ಅಗತ್ಯಗಳು ಪೂರ್ಣವಾಗಿ ತಿಳಿದಿರುವ ಕೆಲಸಗಳಿಗೆ ಈ ಮಾದರಿಯು ಸೂಕ್ತವಾಗಿದೆ.

4. ಮಿತಿಗಳು

ಮೊದಲ ಹಂತದ ಲೋಪವು ಎಲ್ಲ ಹಂತಗಳನ್ನೂ ದಾಟಿ ಕೊನೆಗೆ ಅರ್ಜಿದಾರರನ್ನು ತಲುಪುತ್ತದೆ. ಉದಾಹರಣೆಗೆ, ಅಗತ್ಯಗಳ ದಾಖಲೆಯಲ್ಲಿ ಕುಲನಾಮ ಕಡ್ಡಾಯ ಎಂದು ಬರೆಯಲಾಗಿದೆ ಎಂದು ಭಾವಿಸೋಣ. ನಮ್ಮಲ್ಲಿ ಅನೇಕರು ಕುಲನಾಮವನ್ನು ಬಳಸದೆ, ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮಾತ್ರ ಇನಿಷಿಯಲ್ ಆಗಿ ಬಳಸುತ್ತಾರೆ. ಈ ಲೋಪವು ಕರಡು ಹಂತದಲ್ಲಿಯೇ ಗಮನಕ್ಕೆ ಬಂದರೆ ಒಂದು ಸಾಲನ್ನು ತಿದ್ದಿದರೆ ಸಾಕು. ಅನುಷ್ಠಾನದ ನಂತರ ಗಮನಕ್ಕೆ ಬಂದರೆ ನಮೂನೆ, ದತ್ತಾಂಶ ಕೋಷ್ಟಕ, ಪ್ರೋಗ್ರಾಂ, ಪ್ರಮಾಣಪತ್ರದ ಮುದ್ರಣ ಇವೆಲ್ಲವನ್ನೂ ಬದಲಿಸಿ ಮರುಪರೀಕ್ಷೆ ನಡೆಸಬೇಕಾಗುತ್ತದೆ. ಅಲ್ಲಿಯವರೆಗೆ ಕುಲನಾಮವಿಲ್ಲದ ಅರ್ಜಿದಾರರು ಇನಿಷಿಯಲ್ ಅನ್ನೇ ಕುಲನಾಮವಾಗಿ ನಮೂದಿಸುವುದರಿಂದ, ಒಬ್ಬರ ಹೆಸರೇ ಎರಡು ದಾಖಲೆಗಳಲ್ಲಿ ಎರಡು ಬಗೆಯಾಗಿ ಉಳಿಯುತ್ತದೆ.

ಕೆಲಸದ ನಡುವೆ ಕಾನೂನು ಬದಲಾದಾಗಲೂ ಇದೇ ತೊಂದರೆ ಉಂಟಾಗುತ್ತದೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಮೌಲ್ಯವರ್ಧಿತ ತೆರಿಗೆಯ ಆಧಾರದ ಮೇಲೆ ರೂಪಿಸಿದ್ದ ಲೆಕ್ಕಪತ್ರ ತಂತ್ರಾಂಶಗಳನ್ನು ಮಾರ್ಪಡಿಸಬೇಕಾಯಿತು.

ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐನ 'ವರ್ಚುವಲ್ ಕೇಸ್ ಫೈಲ್' ಯೋಜನೆಯಲ್ಲಿ ಅಗತ್ಯಗಳು ಸ್ಪಷ್ಟವಾಗಿ ನಿಗದಿಯಾಗದೆ ಪದೇ ಪದೇ ಬದಲಾದವು. ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಬಳಿಕ, 2005ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

5. ಪರ್ಯಾಯ ಕ್ರಮಗಳು

ತಂತ್ರಾಂಶವನ್ನು ಸಣ್ಣ ಭಾಗಗಳಾಗಿ ಸಿದ್ಧಪಡಿಸಿ, ಪ್ರತಿ ಭಾಗವನ್ನೂ ಬಳಕೆದಾರರಿಗೆ ತೋರಿಸಿ ತಿದ್ದುತ್ತಾ ಸಾಗುವ ಕ್ರಮಗಳು ನಂತರ ಪ್ರಚಾರಕ್ಕೆ ಬಂದವು. 2001ರಲ್ಲಿ 17 ತಜ್ಞರು ಪ್ರಕಟಿಸಿದ 'ಅಜೈಲ್' ಘೋಷಣೆಯು ಇವುಗಳಿಗೆ ಸಾಮಾನ್ಯ ಹೆಸರನ್ನು ನೀಡಿತು. ಮೇಲ್ಕಂಡ ಎಫ್‌ಬಿಐ ಯೋಜನೆಯ ಬದಲಿಗೆ ಬಂದ 'ಸೆಂಟಿನೆಲ್' ಯೋಜನೆಯೂ ವಿಳಂಬಕ್ಕೆ ಸಿಲುಕಿದ್ದು, 2010ರಲ್ಲಿ ಈ ಕ್ರಮಕ್ಕೆ ಬದಲಾಗಿ, 2012ರಲ್ಲಿ ಬಳಕೆಗೆ ಬಂದಿತು. ಆದಾಗ್ಯೂ ಈ ಕ್ರಮದಲ್ಲಿ ಅಂತಿಮ ವೆಚ್ಚ ಮತ್ತು ವ್ಯಾಪ್ತಿಯನ್ನು ಮುಂಚಿತವಾಗಿ ಹೇಳುವುದು ಕಷ್ಟ.

6. ಸಾರ್ವಜನಿಕರ ಗಮನಕ್ಕೆ

ಅ) ಕರಡು ನಮೂನೆ ಅಥವಾ ಕರಡು ನಿಯಮಗಳನ್ನು ಪ್ರಕಟಿಸಿ ಅಭಿಪ್ರಾಯ ಕೋರಿದಾಗ, ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸುವುದು. ಬದಲಾವಣೆಗೆ ಅತಿ ಕಡಿಮೆ ವೆಚ್ಚ ತಗಲುವ ಹಂತ ಇದೇ ಆಗಿರುತ್ತದೆ.
ಆ) ಪ್ರಾಯೋಗಿಕ ಬಳಕೆಯ ಅವಧಿಯಲ್ಲಿ ಕಂಡುಬಂದ ತೊಂದರೆಯನ್ನು ಪರದೆಯ ಹೆಸರು, ದಿನಾಂಕ ಹಾಗೂ ಅರ್ಜಿ ಸಂಖ್ಯೆಯೊಂದಿಗೆ ತಿಳಿಸುವುದು.
ಇ) ಅನುಮೋದಿತ ಅಗತ್ಯಗಳ ದಾಖಲೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ, ಅದರಲ್ಲಿನ ವಿನಾಯಿತಿಗಳಿಗೆ ಒಳಪಟ್ಟು, ಕೋರಬಹುದಾಗಿದೆ.

ತಂತ್ರಾಂಶವು ಬಳಕೆಗೆ ಬಂದ ನಂತರವೂ ದೂರು ಸಲ್ಲಿಸಲು ಅವಕಾಶವಿರುತ್ತದೆ. ಆದರೆ ಕರಡು ಹಂತದಲ್ಲಿ ಬಂದ ಒಂದು ಸಲಹೆಯು ನಂತರ ಬರಬಹುದಾದ ನೂರಾರು ದೂರುಗಳನ್ನು ತಪ್ಪಿಸಬಲ್ಲದು.