ಊರು ಯಾವುದು? – ಗುರುತಿನ ಭಾಷೆಗಳ ಕಥೆ

ಕುಷಾಯಿಗೂಡದ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಇ.ಸಿ.ಐ.ಎಲ್. ಎಂದೊಡನೆ ನೆನಪಾಗುವುದು ಬಸ್ಸು ಹತ್ತುವ ಚೌರಸ್ತೆ. ಆದರೆ 1967ರಲ್ಲಿ ಶ್ರೀ ಎ.ಎಸ್. ರಾವ್ ಅವರ ಮುಂದಾಳುತನದಲ್ಲಿ, ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಆರಂಭವಾದ ಆ ಸಂಸ್ಥೆಯು ನಮ್ಮ ದೇಶದಲ್ಲಿ ಮೊದಮೊದಲು ಗಣಕಯಂತ್ರಗಳನ್ನು ತಯಾರಿಸಿದ ಸಂಸ್ಥೆಗಳಲ್ಲೊಂದು. ಟ್ರಾಂಬೆಯಲ್ಲಿ ರೂಪುಗೊಂಡ ಟಿ.ಡಿ.ಸಿ.-12 ಯಂತ್ರವನ್ನು ಮಾರಾಟಕ್ಕಾಗಿ ತಯಾರಿಸಿದ್ದೂ ಇದೇ. ಇಂಥ ನೆರೆಯಲ್ಲಿದ್ದು ಗಣಕದ ಕಥೆಯೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು.

'ಮಾರ್ಕಪ್' ಎಂಬುದು ಮೂಲತಃ ಅಚ್ಚುಕೂಟದ ಮಾತು. ಹಸ್ತಪ್ರತಿಯ ಅಂಚಿನಲ್ಲಿ 'ಇದು ದಪ್ಪಕ್ಷರ, ಇದು ಓರೆಯಕ್ಷರ' ಎಂದು ಗುರುತು ಹಾಕಿದರೆ ಮೊಳೆ ಜೋಡಿಸುವವರು ಅದರಂತೆ ನಡೆಯುತ್ತಿದ್ದರು. ಇ.ಸಿ.ಐ.ಎಲ್. ಹುಟ್ಟಿದ 1967ರಲ್ಲಿಯೇ ವಿಲಿಯಂ ಟನಿಕ್ಲಿಫ್ ಎಂಬುವರು ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ಒಂದು ವಿಚಾರವನ್ನು ಮಂಡಿಸಿದರು: ಬರಹದ ತಿರುಳು ಬೇರೆ, ಅದರ ಅಚ್ಚಿನ ರೂಪ ಬೇರೆ, ಎರಡನ್ನೂ ಬೇರ್ಪಡಿಸಬೇಕು. 1969ರಲ್ಲಿ ಐ.ಬಿ.ಎಂ.ನ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಇದೇ ದಾರಿಯಲ್ಲಿ ಜಿ.ಎಂ.ಎಲ್. ಎಂಬ ಗುರುತಿನ ಭಾಷೆಯನ್ನು ರೂಪಿಸಿದರು. ಆ ಮೂರಕ್ಷರಗಳು ಅವರ ಹೆಸರುಗಳ ಮೊದಲಕ್ಷರಗಳೇ. 'ಈ ಸಾಲನ್ನು ದಪ್ಪ ಮಾಡು' ಎನ್ನುವ ಬದಲು 'ಇದು ಶೀರ್ಷಿಕೆ' ಎಂದು ಹೇಳಿದರೆ ಸಾಕು ಎಂಬುದು ಅದರ ಹಿಂದಿನ ಆಲೋಚನೆ. ಓರೆಯಕ್ಷರವನ್ನು ಕಂಡ ಕಣ್ಣಿಗೆ ಅದು ಒತ್ತಿ ಹೇಳಿದ ಮಾತೋ, ಪುಸ್ತಕದ ಹೆಸರೋ, ಪರಭಾಷೆಯ ಪದವೋ ತಿಳಿಯುವುದಿಲ್ಲವಷ್ಟೆ!

ಇದರ ಬೆಳೆದ ರೂಪವಾದ ಎಸ್.ಜಿ.ಎಂ.ಎಲ್. 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಜಾಡಿನಲ್ಲಿಯೇ ಟಿಮ್ ಬರ್ನರ್ಸ್-ಲೀ ಅವರ ಎಚ್.ಟಿ.ಎಂ.ಎಲ್. ಬಂದಿತು; 1998ರಲ್ಲಿ ಎಕ್ಸ್.ಎಂ.ಎಲ್. ಬಂದಿತು. ಈ ಕೊನೆಯದರಲ್ಲಿ ಗುರುತುಗಳ ಹೆಸರನ್ನು ನಾವೇ ಇಡಬಹುದು. ಕನ್ನಡ ಅಕ್ಷರಗಳಲ್ಲಿಯೂ ಇಡಬಹುದು. ನಿಯಮ ಮಾತ್ರ ಕಟ್ಟುನಿಟ್ಟು: ತೆರೆದ ಗುರುತನ್ನು ಮುಚ್ಚಲೇಬೇಕು, ಒಳಗೆ ತೆರೆದದ್ದನ್ನು ಒಳಗೇ ಮುಚ್ಚಬೇಕು. ತಪ್ಪಿದರೆ ಯಂತ್ರ ಪುಟವನ್ನು ಒಪ್ಪುವುದಿಲ್ಲ.

ಆದರೆ ಯಂತ್ರ ಪರೀಕ್ಷಿಸುವುದು ವ್ಯಾಕರಣವನ್ನೇ ಹೊರತು ಅರ್ಥವನ್ನಲ್ಲ. ಕಚೇರಿಯಲ್ಲಿ ವರ್ಷಗಟ್ಟಲೆ ನಮೂನೆಗಳನ್ನು ಪರಿಶೀಲಿಸಿದ ನಮಗೆ ಇದು ಹೊಸದೇನಲ್ಲ. ಹುಟ್ಟಿದ ದಿನಾಂಕದ ಕಾಲಮ್ಮಿನಲ್ಲಿ ನೌಕರಿಗೆ ಸೇರಿದ ದಿನಾಂಕವನ್ನು ಬರೆದರೂ ದಿನ, ತಿಂಗಳು, ವರ್ಷ ಎಲ್ಲವೂ ಸರಿಯಾಗಿಯೇ ಕಾಣುತ್ತವೆ!

ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಗಣಕಕ್ಕೆ ಏರಿಸಿದಾಗ ಈ ಮಾತು ಚೆನ್ನಾಗಿ ಮನದಟ್ಟಾಯಿತು. ಪುಟದ ಭಾಷೆ ಯಾವುದೆಂದು ತಿಳಿಸಲು ಎರಡಕ್ಷರದ ಸಂಕೇತಗಳಿವೆ. ತೆಲುಗಿಗೆ 'ಟಿ-ಇ', ಕನ್ನಡಕ್ಕೆ 'ಕೆ-ಎನ್'. ಪಟ್ಟಿ ಸಿದ್ಧಪಡಿಸಿದ ತರುಣರು ಕರ್ನಾಟಕದ ವಾಹನಗಳ ಮೇಲಿನ ಸಂಕೇತವನ್ನು ನೆನೆದು 'ಕೆ-ಎ' ಎಂದು ಬರೆದಿದ್ದರು. ಯಂತ್ರ ಚಕಾರವೆತ್ತಲಿಲ್ಲ. ಏಕೆಂದರೆ ಅದು ಜಾರ್ಜಿಯನ್ ಭಾಷೆಯ ಸಂಕೇತ! ವ್ಯಾಕರಣ ಒಂದಿಷ್ಟೂ ತಪ್ಪದೆ ನಮ್ಮ ಕನ್ನಡ ಪುಟ ಕಾಕಸಸ್ ಪರ್ವತದ ನಾಡಿಗೆ ಸೇರಿಹೋಗಿತ್ತು.

ಅದನ್ನು ತಿದ್ದುವುದು ಸುಲಭವಾಯಿತು. ತೊಡಕಾದದ್ದು 'ಊರು' ಎಂಬ ಗುರುತಿನಲ್ಲಿ. ಕೆಲವರು ರಾಯಚೂರು, ಬೀದರ್ ಎಂದು ಬರೆದಿದ್ದರು. ಕೆಲವರು ಕುಷಾಯಿಗೂಡ ಎಂದಿದ್ದರು. ಒಂದೇ ಮನೆಯ ತಂದೆ ರಾಯಚೂರು ಎಂದು ಬರೆದರೆ ಮಗಳು ಕುಷಾಯಿಗೂಡ ಎಂದು ಬರೆದಿದ್ದಳು. ತಂದೆ ನಮ್ಮೆದುರಿಗೇ ಆಕ್ಷೇಪಿಸಿದರು.

"ಅಪ್ಪಾ, ನಾ ಹುಟ್ಟಿದ್ದೂ ಇಲ್ಲೇ, ಓದಿದ್ದೂ ಇಲ್ಲೇ. ರಾಯಚೂರಿಗೆ ಸೂಟಿಯೊಳಗ ಹೋಗಿ ಬರ್ತೀನಿ ಅಷ್ಟ. ಅದನ್ನ ನನ್ನ ಊರು ಅಂತ ಹೆಂಗ ಬರೀಲಿ?" ಎಂದಳು ಮಗಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಖರೇ ಅದವ್ವಾ" ಎಂದರು. ಆ ಮಾತನ್ನು ಆಡಲು ಅವರಿಗೆ ಕಷ್ಟವಾಯಿತೆಂಬುದು ನಮಗೆ ಕಾಣದೆ ಇರಲಿಲ್ಲ.

ಇಬ್ಬರೂ ಬರೆದದ್ದು ಸರಿಯೇ. ಯಂತ್ರದ ಲೆಕ್ಕದಲ್ಲಿ ಎರಡೂ ನಿರ್ದೋಷ. ತಪ್ಪಿದ್ದದ್ದು, ಆ ಪದದ ಅರ್ಥವನ್ನು ನಾವು ಮೊದಲೇ ಗೊತ್ತು ಮಾಡಿಕೊಳ್ಳದೆ ಇದ್ದುದರಲ್ಲಿ. ಕೊನೆಗೆ ಕುಳಿತು ಮಾತನಾಡಿ ಒಂದರ ಜಾಗದಲ್ಲಿ ಮೂರು ಗುರುತುಗಳನ್ನಿಟ್ಟೆವು: 'ಹಿರಿಯರ-ಊರು', 'ಹುಟ್ಟೂರು', 'ವಾಸದ-ಊರು'. ಪ್ರತಿಯೊಂದಕ್ಕೂ ಏನರ್ಥವೆಂದು ಪಟ್ಟಿಯ ತಲೆಯಲ್ಲಿ ಬರೆದಿಟ್ಟೆವು.

ಐವತ್ತಕ್ಕೂ ಹೆಚ್ಚು ವರ್ಷಗಳ ಈ ಇತಿಹಾಸದಿಂದ ನಾವು ಕಲಿತದ್ದಿಷ್ಟು: ಗುರುತಿನ ರೂಪವನ್ನು ಯಂತ್ರ ಕಾಯುತ್ತದೆ, ಅರ್ಥವನ್ನು ಮನುಷ್ಯರು ಸೇರಿ ಒಪ್ಪಿಕೊಂಡು ಉಳಿಸಿಕೊಳ್ಳಬೇಕು. ಮುಂದೊಂದು ದಿನ ನಮ್ಮ ಮೊಮ್ಮಕ್ಕಳು 'ಹಿರಿಯರ-ಊರು' ಎಂಬುದನ್ನು ತೆರೆದು, ಏನನ್ನೂ ಬರೆಯದೆ, ನಿಯಮದಂತೆ ಮುಚ್ಚಿಬಿಡಬಹುದು. ಯಂತ್ರ ಅದಕ್ಕೆ ತಕರಾರು ಮಾಡದು. ಆ ಜಾಗ ಬರಿದಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮ ನಮ್ಮ ಮನೆಗಳದು.