ಬೇಡಿಕೆ ಒಂದು, ಅಗತ್ಯ ಇನ್ನೊಂದು: ಅಜೈಲ್ ವಿಶ್ಲೇಷಣೆಗೆ ನಾರಾಯಣಪುರ ಎಡದಂಡೆ ಕಾಲುವೆಯ ಉದಾಹರಣೆ

ತಂತ್ರಾಂಶವನ್ನಾಗಲಿ, ಸಾರ್ವಜನಿಕ ಸೇವೆಯನ್ನಾಗಲಿ ರೂಪಿಸುವ ಮುನ್ನ ಅದು ಯಾರಿಗಾಗಿ, ಅವರ ಯಾವ ತೊಂದರೆಯನ್ನು ನೀಗಿಸಲು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವ ಕೆಲಸಕ್ಕೆ ಬಿಸಿನೆಸ್ ಅನಾಲಿಸಿಸ್ ಎಂದು ಹೆಸರು. ಆ ವ್ಯವಸ್ಥೆಯಿಂದ ಲಾಭ, ನಷ್ಟ ಅಥವಾ ಹೊಣೆ ಯಾರ ಪಾಲಿಗೆ ಬರುತ್ತದೋ ಅವರೆಲ್ಲರೂ ಅದರ ಸ್ಟೇಕ್‌ಹೋಲ್ಡರ್‌ಗಳು, ಅಂದರೆ ಹಿತಸಂಬಂಧಿಗಳು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ತಜ್ಞರು ಹೊರಡಿಸಿದ ಅಜೈಲ್ ಪ್ರಣಾಳಿಕೆಯ ನಂತರ ಈ ಕೆಲಸದ ರೀತಿ ಬದಲಾಯಿತು. ಎಲ್ಲ ಅಗತ್ಯಗಳನ್ನೂ ಆರಂಭದಲ್ಲೇ ದಪ್ಪ ಕಡತವೊಂದರಲ್ಲಿ ಬರೆದು ಮೊಹರು ಹಾಕುವ ಬದಲು, ಸ್ವಲ್ಪ ಮಾಡಿ, ಬಳಕೆದಾರರಿಗೆ ತೋರಿಸಿ, ಅವರ ಮಾತು ಕೇಳಿ, ತಿದ್ದಿ ಮುಂದುವರಿಯುವುದು ಅಜೈಲ್ ವಿಧಾನದ ತಿರುಳು. ಅಗತ್ಯಗಳು ತಡವಾಗಿ ಬದಲಾದರೂ ಅವನ್ನು ಸ್ವಾಗತಿಸಬೇಕು ಎಂಬುದು ಅದರ 12 ತತ್ವಗಳಲ್ಲಿ ಒಂದು.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಈ ಪದಗಳು ನಿತ್ಯದ ಮಾತು. ಆದರೆ ಹಿತಸಂಬಂಧಿಗಳ ಅಗತ್ಯ ಎಂದರೇನೆಂದು ತಿಳಿಯಲು ಯಾದಗಿರಿ ಜಿಲ್ಲೆಯ ಕಾಲುವೆಗಳಿಗಿಂತ ಉತ್ತಮ ಪಾಠಶಾಲೆ ಸಿಗುವುದು ಕಷ್ಟ.

ಕಾಲುವೆಯ ಲೆಕ್ಕ

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿರುವ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಸುರಪುರ, ಶಹಾಪುರ ಭಾಗಗಳ ಕೃಷಿಯ ಜೀವನಾಡಿ. ಕೃಷ್ಣಾ ಭಾಗ್ಯ ಜಲ ನಿಗಮವು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಇದರ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಕೈಗೊಂಡಿತು. 2023ರ ಜನವರಿ 19ರಂದು ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಇದನ್ನು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್. ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಪ್ರಯೋಜನವೆಂದು ಸರ್ಕಾರ ಆಗ ಪ್ರಕಟಿಸಿತ್ತು. ಗೇಟುಗಳನ್ನು ದೂರದಿಂದಲೇ ನಿಯಂತ್ರಿಸಿ ಹರಿವನ್ನು ಅಳೆಯುವ ಸ್ಕಾಡಾ ತಂತ್ರಜ್ಞಾನವೂ ಈ ಕಾಲುವೆಗೆ ಬಂದಿದೆ.

ಈ ಅಂಕಿಗಳನ್ನು ಸ್ವಲ್ಪ ಭಾಗಿಸಿ ನೋಡಬೇಕು. ಕಾಲುವೆ ತುಂಬಿ ಹರಿದರೆ ಒಂದು ಕ್ಯುಸೆಕ್ ನೀರು 45 ಹೆಕ್ಟೇರಿಗೆ ಹಂಚಿಹೋಗುತ್ತದೆ. ಸೋರಿಕೆ, ಆವಿಯ ಲೆಕ್ಕ ಬಿಟ್ಟರೂ ಅದು ದಿನಕ್ಕೆ ಹೊಲದ ಮೇಲೆ ಅರ್ಧ ಸೆಂಟಿಮೀಟರಿನಷ್ಟು ನೀರು. ನೀರು ಬಿಡುವುದು ಚಾಲು-ಬಂದ್ ಪದ್ಧತಿಯಲ್ಲಿ, ಅಂದರೆ ಇಂತಿಷ್ಟು ದಿನ ಹರಿಸಿ ಇಂತಿಷ್ಟು ದಿನ ನಿಲ್ಲಿಸುವುದರಿಂದ, ಸರಾಸರಿ ಇನ್ನೂ ಕಡಿಮೆ. ಜೋಳ, ತೊಗರಿ, ಹತ್ತಿ, ಶೇಂಗಾಗಳಿಗೆ ಇದು ನಡೆಯುತ್ತದೆ. ಯೋಜನೆ ರೂಪುಗೊಂಡದ್ದೂ ಇಂಥ ಲಘು ನೀರಾವರಿ ಬೆಳೆಗಳಿಗಾಗಿಯೇ. ನಿಂತ ನೀರು ಬೇಡುವ ಭತ್ತಕ್ಕೆ ಇದು ಸಾಲದು. ಹಾಗಿದ್ದರೂ ಶಹಾಪುರ, ಸುರಪುರ ಭಾಗದಲ್ಲಿ ಭತ್ತದ ಗದ್ದೆಗಳು ವ್ಯಾಪಕವಾಗಿವೆ. ಭತ್ತಕ್ಕೆ ಖಚಿತವಾದ ಮಾರುಕಟ್ಟೆ ಇರುವಾಗ ರೈತನನ್ನು ದೂರಿ ಫಲವಿಲ್ಲ. ಮೇಲ್ಭಾಗದ ತೂಬುಗಳಲ್ಲಿ ನೀರು ಖರ್ಚಾಗಿ, ಕೊನೆಯಂಚಿನ ಹೊಲಗಾಲುವೆ ಒಣಗುತ್ತದೆ.

ಕೇಳಿದ್ದು ಮತ್ತು ಬೇಕಾದದ್ದು

ವ್ಯವಹಾರ ವಿಶ್ಲೇಷಕರ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಐಬಿಎ ತನ್ನ ಕೈಪಿಡಿಯಲ್ಲಿ ಅಗತ್ಯವನ್ನು ಪರಿಹರಿಸಬೇಕಾದ ಸಮಸ್ಯೆ ಅಥವಾ ಬಳಸಿಕೊಳ್ಳಬೇಕಾದ ಅವಕಾಶ ಎಂದು ವಿವರಿಸುತ್ತದೆ. ಪರಿಹಾರ ಬೇರೆ, ಅಗತ್ಯ ಬೇರೆ. ಜನರು ಬಾಯಿಬಿಟ್ಟು ಕೇಳುವುದು ಬಹುಮಟ್ಟಿಗೆ ಪರಿಹಾರವನ್ನೇ. ‘ಏಪ್ರಿಲ್‌ವರೆಗೆ ನೀರು ಬಿಡಿ’ ಎಂಬುದು ಬೇಡಿಕೆ. ‘ಕಾಳು ಕಟ್ಟುವ ಹೊತ್ತಿನಲ್ಲಿ ಬೆಳೆ ಒಣಗಬಾರದು’ ಎಂಬುದು ಅಗತ್ಯ. ಮೊದಲನೆಯದನ್ನಷ್ಟೇ ಬರೆದುಕೊಂಡರೆ ಉತ್ತರ ಹೌದು ಅಥವಾ ಇಲ್ಲ ಎರಡೇ. ಎರಡನೆಯದನ್ನು ಬರೆದುಕೊಂಡರೆ ಬಿತ್ತನೆಯ ದಿನ, ಬೆಳೆಯ ಆಯ್ಕೆ, ಸರದಿಯ ಹೊಂದಾಣಿಕೆ ಎಲ್ಲವೂ ಚರ್ಚೆಗೆ ಬರುತ್ತವೆ.

ಇದೇ ಮೂರು ಊರುಗಳು ಇನ್ನೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 2001ರ ಹೊತ್ತಿಗೆ, ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ಬಂದವು. 15 ರೂಪಾಯಿಗೆ ಕಂಪ್ಯೂಟರ್ ಪಹಣಿ ದೊರೆಯತೊಡಗಿತು. ರೈತ ಕೇಳಿದ್ದು ಪಹಣಿಯ ಪ್ರತಿ. ಆದರೆ ಅನೇಕರಿಗೆ ನಿಜವಾಗಿ ಬೇಕಿದ್ದದ್ದು ಬೆಳೆ ಸಾಲ. ಮುಂದೆ ಬ್ಯಾಂಕುಗಳಿಗೂ ಭೂಮಿ ದತ್ತಾಂಶದ ಸಂಪರ್ಕ ದೊರೆತು ಸಾಲದ ಬೋಜಾ ಆನ್‌ಲೈನಿನಲ್ಲೇ ದಾಖಲಾಗತೊಡಗಿದಾಗ ಮಾತ್ರ ಆ ಅಗತ್ಯದ ಕಡೆಗೆ ಹೆಜ್ಜೆ ಬಿದ್ದಿತು.

ಅಗತ್ಯವನ್ನು ತಪ್ಪಾಗಿ ಊಹಿಸಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನ ದೂರವಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಡಿ 24,000 ಹೆಕ್ಟೇರಿಗೆ ಹನಿ ನೀರಾವರಿ ಕಲ್ಪಿಸಲಾಯಿತು. ಹನಿ ನೀರಾವರಿ ನೀರು ಉಳಿಸುವುದು ನಿಜ. ಆದರೆ ಹಲವು ಕಡೆ ರೈತರು ಅದನ್ನು ಬಳಸದೆ ಬಿಟ್ಟರು. ನೀರು ಉಳಿಸುವುದು ಯೋಜಕರ ಅಗತ್ಯ. ಕೊಳವೆಗಳಿಗೆ ಹಾನಿಯಾಗದಂತೆ ಹರಗುವುದು, ಕುಂಟೆ ಹೊಡೆಯುವುದು ಹೊಲದವನ ಚಿಂತೆ.

ಒಂದು ಚೀಟಿಯಲ್ಲಿ ಒಂದು ಅಗತ್ಯ

ಕಾಲುವೆಯ ಕಾಂಕ್ರೀಟ್ ಕೆಲಸ ಅಜೈಲ್ ವಿಧಾನಕ್ಕೆ ಒಗ್ಗುವಂಥದ್ದಲ್ಲ. ಅರ್ಧ ಕಟ್ಟಿ ಅಭಿಪ್ರಾಯ ಕೇಳಲಾಗದು. ಆದರೆ ಗೇಟುಗಳ ಮಾಹಿತಿ ಸಂಗ್ರಹಿಸುವ, ಸರದಿ ತಿಳಿಸುವ, ದೂರು ಸ್ವೀಕರಿಸುವ ತಂತ್ರಾಂಶಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಅಂಥ ತಂತ್ರಾಂಶವೊಂದನ್ನು ರೂಪಿಸಬೇಕೆಂದುಕೊಳ್ಳೋಣ. ಅಜೈಲ್ ತಂಡಗಳು ಪ್ರತಿ ಅಗತ್ಯವನ್ನೂ ಬಳಕೆದಾರನ ಬಾಯಿಂದಲೇ ಹೇಳಿಸಿದಂತೆ ಒಂದು ಚೀಟಿಯಲ್ಲಿ ಬರೆಯುತ್ತವೆ. ಇದಕ್ಕೆ ಯೂಸರ್ ಸ್ಟೋರಿ ಎಂದು ಹೆಸರು. ಯಾರು, ಏನು, ಏಕೆ ಎಂಬ ಮೂರೂ ಅದರಲ್ಲಿರಬೇಕು: ‘ಉಪಕಾಲುವೆಯ ಕೊನೆಯ ತೂಬಿನ ರೈತನಾದ ನನಗೆ, ನೀರು ಬರುವ ದಿನ ಎರಡು ದಿನ ಮೊದಲೇ ತಿಳಿಯಬೇಕು, ತಿಳಿದರೆ ಗೊಬ್ಬರ ತಂದು, ಆಳುಗಳಿಗೆ ಹೇಳಿಡಬಹುದು.’

ಚೀಟಿ ಬರೆದರೆ ಕೆಲಸ ಮುಗಿಯಲಿಲ್ಲ. ಅದು ಮಾತುಕತೆಗೆ ನೆಪ ಮಾತ್ರ. ಎಸ್ಸೆಮ್ಮೆಸ್ ಸಾಕೇ, ಓದಲು ಬಾರದವರಿಗೆ ಧ್ವನಿ ಕರೆ ಬೇಕೇ? ಹೇಳಿದ ದಿನ ನೀರು ಬಾರದಿದ್ದರೆ ಮರು ಸೂಚನೆ ಕೊಡುವವರು ಯಾರು? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಸಂದೇಶ ಹೋಗುವುದು ಯಾರಿಗೆ ಎಂಬುದು. ಪಹಣಿಯಲ್ಲಿರುವುದು ಮಾಲೀಕನ ಹೆಸರು; ಹೊಲದಲ್ಲಿರುವುದು ಲೀಸಿಗೆ ಮಾಡಿದವನು. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯ ಗೇಣಿಗೆ ಕಾನೂನಿನ ಸಮ್ಮತಿ ಇಲ್ಲದ ಕಾರಣ ಇಂಥ ಒಪ್ಪಂದಗಳು ಬಹುತೇಕ ಬಾಯಿಮಾತಿನವು. ದತ್ತಾಂಶದಲ್ಲಿ ಆತ ಇಲ್ಲವೇ ಇಲ್ಲ. ನೀರಿನ ಸುದ್ದಿ ಯಾದಗಿರಿಯಲ್ಲೋ ಕಲಬುರಗಿಯಲ್ಲೋ ನೆಲೆಸಿರುವ ಮಾಲೀಕನ ಮೊಬೈಲಿಗೆ ಬಂದು ಕೂರುತ್ತದೆ.

ಸಭೆಗೆ ಬಾರದವರು

ಹಿತಸಂಬಂಧಿಗಳ ಪಟ್ಟಿ ಮಾಡುವಾಗ ಅಧಿಕಾರ ಮತ್ತು ಆಸಕ್ತಿ ಎರಡನ್ನೂ ಅಳೆಯುವ ರೂಢಿ ಇದೆ. ಈ ಅಳತೆಯಲ್ಲಿ ನೀರಾವರಿ ಸಲಹಾ ಸಮಿತಿ, ಭೀಮರಾಯನಗುಡಿಯ ಕಚೇರಿಗಳ ಎಂಜಿನಿಯರುಗಳು, ಜನಪ್ರತಿನಿಧಿಗಳು, ರೈತ ಸಂಘಟನೆಗಳು ಮೇಲೆ ಬರುವುದು ಸಹಜ. ಕೆಳಗುಳಿಯುವವರು ಯಾರೆಂದರೆ ಲೀಸಿನ ರೈತರು, ನೀರು ಬಂದ ದಿನವೇ ಕೂಲಿ ಕಾಣುವ ನಾಟಿ ಮತ್ತು ಕಳೆ ಕೆಲಸದ ಹೆಣ್ಣುಮಕ್ಕಳು, ರಾತ್ರಿ ಗೇಟಿನ ಬಳಿ ನಿಂತು ಬೈಗುಳ ತಿನ್ನುವ ಕೆಲಸಗಾರರು. ಅಧಿಕಾರ ಕಡಿಮೆ ಎಂದು ಇವರನ್ನು ಕೈಬಿಡುವ ಪಟ್ಟಿ ಅಚ್ಚುಕಟ್ಟಾಗಿ ಕಾಣಬಹುದು, ಆದರೆ ವ್ಯವಸ್ಥೆ ಸೋಲುವುದು ಅಲ್ಲಿಯೇ. ಸಭೆಯಲ್ಲಿ ಸಿಗದವರನ್ನು ವಿಶ್ಲೇಷಕ ತೂಬಿನ ಬಳಿಯೇ ಹೋಗಿ ಕಾಣಬೇಕು. ಕೇಳುವುದಕ್ಕಿಂತ ಒಂದು ಸರದಿ ಪೂರ್ತಿ ನೋಡುವುದು ಹೆಚ್ಚು ಕಲಿಸುತ್ತದೆ.

ಅಗತ್ಯಗಳು ಪರಸ್ಪರ ವಿರೋಧಿಸಿದಾಗ ಏನು ಮಾಡಬೇಕು? ಮೇಲ್ಭಾಗದ ಭತ್ತ, ಕೊನೆಯಂಚಿನ ಹತ್ತಿ, ಬೇಸಿಗೆಯ ಕುಡಿಯುವ ನೀರು ಮೂರೂ ನ್ಯಾಯವಾದವೇ. ಅಜೈಲ್ ವಿಧಾನ ಇವನ್ನು ಬ್ಯಾಕ್‌ಲಾಗ್ ಎಂಬ ಆದ್ಯತಾ ಪಟ್ಟಿಯಲ್ಲಿಟ್ಟು, ಕ್ರಮ ನಿರ್ಧರಿಸುವ ಹೊಣೆಯನ್ನು ಪ್ರಾಡಕ್ಟ್ ಓನರ್ ಎಂಬ ಒಬ್ಬ ವ್ಯಕ್ತಿಗೆ ವಹಿಸುತ್ತದೆ. ಖಾಸಗಿ ಕಂಪನಿಗೆ ಇದು ಸರಿ. ಸಾರ್ವಜನಿಕ ನೀರಿನ ವಿಷಯದಲ್ಲಿ ಆ ನಿರ್ಧಾರ ತಂತ್ರಾಂಶ ತಂಡದ್ದಾಗಬಾರದು. ಯಾರ ಪಾಲು ಎಷ್ಟು ಎಂಬುದನ್ನು ಸಮಿತಿಯೇ ತೀರ್ಮಾನಿಸಬೇಕು. ಆ ತೀರ್ಮಾನದಂತೆ ನೀರು ಹರಿಯಿತೇ ಎಂಬುದನ್ನು ಎಲ್ಲರಿಗೂ ಕಾಣಿಸುವಂತೆ ಮಾಡುವುದಷ್ಟೇ ತಂಡದ ಕೆಲಸ.

ಹಾಗೆಯೇ ಮೊದಲ ದಿನವೇ 560 ಹಳ್ಳಿಗಳಿಗೆ ಸೇವೆ ಆರಂಭಿಸುವ ಹಂಬಲವೂ ಸಲ್ಲದು. ಒಂದೇ ಉಪಕಾಲುವೆಯನ್ನು ಆರಿಸಿ, ಒಂದು ಚಾಲು-ಬಂದ್ ಅವಧಿಯನ್ನು ಅಜೈಲ್ ಭಾಷೆಯ ಒಂದು ಸ್ಪ್ರಿಂಟ್ ಎಂದು ಭಾವಿಸಬಹುದು. ಚಾಲು ಇದ್ದಾಗ ಸೂಚನೆ ಕಳುಹಿಸಿ, ಬಂದ್ ಇದ್ದಾಗ ಅದೇ ಉಪಕಾಲುವೆಯ ರೈತರೊಡನೆ ಕುಳಿತು ತಪ್ಪುಗಳನ್ನು ತಿದ್ದಬಹುದು. ಆ ಪರಿಶೀಲನೆಯಲ್ಲಿ ಮೇಜಿನ ಮೇಲೆ ಇರಬೇಕಾದ ಅಂಕಿ ಮುಖ್ಯ ಗೇಟಿನಲ್ಲಿ ಹರಿದ ಕ್ಯುಸೆಕ್ ಅಲ್ಲ. ಹೇಳಿದ ದಿನಕ್ಕೆ ನೀರು ಕಂಡ ಕೊನೆಯ ತೂಬುಗಳ ಸಂಖ್ಯೆ.